ಸರಾಸರಿಗೆ ಸಿಗದ ಎಲೆಕ್ಟ್ರಾನುಗಳು: ಜಮಖಂಡಿಯಿಂದ ಗೌರಿಬಿದನೂರಿಗೆ

ಶಿಡ್ಲಘಟ್ಟದ ನಮ್ಮ ಮನೆಯಿಂದ ಗೌರಿಬಿದನೂರಿನ ಖಾಲಾ ಮನೆಗೆ ಹೋಗಬೇಕಾದರೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಮಂಚೇನಹಳ್ಳಿಯ ಮೇಲೆ ಹೋಗಬೇಕಿತ್ತು. ಬೇಸಿಗೆ ರಜೆಯಲ್ಲಿ ಖಾಲೂ ನಮ್ಮನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರಾಚೆ ಸುತ್ತಿಸುತ್ತಿದ್ದರು. ಅಲ್ಲಿ ಒಂದು ಬಯಲಿನಲ್ಲಿ ಕಂಬಗಳು, ಕಂಬಗಳ ನಡುವೆ ತಂತಿಗಳು, ಕಣ್ಣು ಹಾಯುವಷ್ಟು ದೂರ ಸಾಲುಗಟ್ಟಿ ನಿಂತಿದ್ದವು. ಅವು ಕರೆಂಟಿನ ಕಂಬಗಳಲ್ಲ, ಟೆಲಿಫೋನಿನವೂ ಅಲ್ಲ. ಅವು ಮೋಡ ಓಡಿಸುತ್ತವೆ, ಅದಕ್ಕೇ ಈ ಸೀಮೆಗೆ ಮಳೆಯಿಲ್ಲ ಎಂದು ಕೆಲವರು ಹೇಳುತ್ತಿದ್ದರು. ಶತ್ರು ದೇಶದ ರೇಡಿಯೋ ಕದ್ದು ಕೇಳುವುದಕ್ಕೆ ಎಂದು ಇನ್ನು ಕೆಲವರು. ಖಾಲೂ ಮಾತ್ರ, "ಸೂರ್ಯ ಮಾತಾಡ್ತಾನಂತೆ ಬೇಟಾ, ಅದನ್ನ ಕೇಳ್ತಾರೆ" ಎನ್ನುತ್ತಿದ್ದರು. ಕತೆ ಬರೆಯುವ ಚಟ ನಮಗೆ ಹತ್ತಿದ್ದು ಆ ಮಾತಿನಿಂದಲೋ ಏನೋ. ಆದರೆ ಖಾಲೂ ಹೇಳಿದ್ದು ಕತೆಯಲ್ಲ, ನಿಜ ಎಂದು ತಿಳಿಯಲು ನಮಗೆ ಬಹಳ ವರ್ಷ ಬೇಕಾಯಿತು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಎರಡೂ ಸೇರಿ 1976ರಲ್ಲಿ ಅಲ್ಲಿ ರೇಡಿಯೋ ವೀಕ್ಷಣಾಲಯವನ್ನು ಶುರುಮಾಡಿದವು. ಆಗ ಇದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಕಿವಿಗೊಟ್ಟು ಕೇಳುವ ಕೆಲಸ ಈ ತಾಲೂಕಿಗೆ ಹೊಸದೇನಲ್ಲ. ದೂರದ ದೇಶಗಳ ಭೂಗರ್ಭ ಅಣುಸ್ಫೋಟಗಳ ಅದುರನ್ನು ಹಿಡಿಯಲು ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲೇ ಇಲ್ಲಿ ನೆಲದೊಳಗೆ ಭೂಕಂಪಮಾಪಕಗಳನ್ನು ಹೂತಿದ್ದರು. ಒಂದು ಕಿವಿ ಪಾತಾಳಕ್ಕೆ, ಇನ್ನೊಂದು ಆಕಾಶಕ್ಕೆ. ಆಕಾಶದ ಕಿವಿಗೆ ಬೀಳುವ ಸದ್ದುಗಳಲ್ಲಿ ಬಹುಮುಖ್ಯವಾದದ್ದನ್ನು ಎಬ್ಬಿಸುವುದು ಸೂರ್ಯನ ಸುತ್ತಲಿನ ತೆಳು ಕಿರೀಟದಲ್ಲಿರುವ ಒಂದು ಬಗೆಯ ಎಲೆಕ್ಟ್ರಾನುಗಳು. ಅವು ಉಳಿದವುಗಳ ಹಾಗಲ್ಲ, ಶಾಖದ ಸರಾಸರಿ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗೆ ಸಿಗದವು ಇವೆ ಎಂದು ಗೊತ್ತಾದದ್ದು ಹೇಗೆ, ಸದ್ದು ಮಾಡದೆ ಇದ್ದರೆ ಅವನ್ನು ಹಿಡಿಯುವುದು ಹೇಗೆ? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ, ಉತ್ತರ ಕರ್ನಾಟಕದ ಜಮಖಂಡಿಗೆ ಹೋಗಬೇಕು.

1868ರ ಆಗಸ್ಟ್ 18. ಅಂದಿನ ಖಗ್ರಾಸ ಸೂರ್ಯಗ್ರಹಣದ ನೆರಳು ಬಿಜಾಪುರದ ಸೀಮೆಯನ್ನು ಹಾಯ್ದು ಗುಂಟೂರಿನ ಕಡೆಗೆ ಸಾಗಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕಾದಿದ್ದ ಕತೆ ಪಠ್ಯಪುಸ್ತಕಗಳಲ್ಲಿದೆ. ಸೂರ್ಯನಲ್ಲಿ ಹೀಲಿಯಂ ಸಿಕ್ಕಿದ ಕತೆ ಶುರುವಾಗುವುದೇ ಅಲ್ಲಿಂದ. ಅದೇ ದಿನ ಜಮಖಂಡಿ ಸಂಸ್ಥಾನದಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಸರ್ವೆ ಅಧಿಕಾರಿ, ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ರೋಹಿತದರ್ಶಕವನ್ನು ಹಿಡಿದು ಮೋಡಗಳ ಜತೆ ಹೆಣಗುತ್ತಿದ್ದ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು 1800ರಲ್ಲಿ ಪತ್ತೆಮಾಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಮೋಡ ಸರಿದ ಗಳಿಗೆಯಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕು ಕೆಲವೇ ಹೊಳೆವ ಗೆರೆಗಳಾಗಿ ಒಡೆದದ್ದನ್ನು ಕಂಡ. ಗೆರೆಗಳಾಗಿ ಒಡೆಯುವುದು ಬಿಸಿಯಾದ ಅನಿಲದ ಗುರುತು. ಪುಣ್ಯಾತ್ಮನಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಜಮಖಂಡಿಯ ಹೆಸರನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ ಎಂಬುದು ನಮಗೆ ಇಂದಿಗೂ ಚುಚ್ಚುತ್ತದೆ.

ಮುಂದಿನ ವರ್ಷ ಅಮೆರಿಕದಲ್ಲಿ ಗ್ರಹಣವಾದಾಗ ಜ್ವಾಲೆಯ ಆಚೆಗಿನ ಮುತ್ತಿನ ಬಣ್ಣದ ಪ್ರಭೆಯಲ್ಲೇ ಒಂದು ಹಸಿರು ಗೆರೆ ಕಂಡಿತು. ಈ ಪ್ರಭೆಯೇ ಕರೋನಾ, ಅಂದರೆ ಕಿರೀಟ. 2020ರ ನಂತರ ಈ ಪದ ಕೇಳಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಆದ್ದರಿಂದ ಇಲ್ಲಿ ಕಿರೀಟವೆಂದೇ ಕರೆಯೋಣ. ಎರಡು ವರ್ಷ ಕಳೆದು, 1871ರ ಡಿಸೆಂಬರ್ 12ರಂದು ಗ್ರಹಣದ ನೆರಳು ನಮ್ಮ ಕಾಸರಗೋಡಿನ ಬೇಕಲದ ಮೇಲೆ ಹಾಯಿತು. ಇಕ್ಕೇರಿಯ ನಾಯಕರ ಕಾಲದ, ಮುಂದೆ ಟಿಪ್ಪುವಿನ ಕೈಸೇರಿದ ಆ ಕಡಲಂಚಿನ ಕೋಟೆಯ ಊರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಬೀಡುಬಿಟ್ಟಿದ್ದ. ಸೀಳುಗಂಡಿಯಿಲ್ಲದ ಪಟ್ಟಕದ ಮೂಲಕ ನೋಡಿದಾಗ ಒಂದೊಂದು ಬಣ್ಣದಲ್ಲೂ ಸೂರ್ಯನ ಸುತ್ತ ಒಂದೊಂದು ಉಂಗುರ ಕಂಡಿತು. ಅವುಗಳಲ್ಲಿ ಕಿರೀಟದ ಹಸಿರು ಉಂಗುರವೂ ಇತ್ತು. ನಮ್ಮ ಅಮ್ಮಿ ಕಂಡಿದ್ದರೆ ಗಾಜಿನ ಬಳೆ ಅನ್ನುತ್ತಿದ್ದರು.

ಆ ಹಸಿರು ಭೂಮಿಯ ಯಾವ ವಸ್ತುವಿನದೂ ಆಗಿರಲಿಲ್ಲ. ಹಾಗಾಗಿ 'ಕರೋನಿಯಂ' ಎಂಬ ಹೊಸ ಧಾತುವಿಗೆ ಅದನ್ನು ಕಟ್ಟಿದರು. ಎಪ್ಪತ್ತು ವರ್ಷ ಈ ಹೆಸರು ಬದುಕಿತು. ಕೊನೆಗೆ ಜರ್ಮನಿಯ ಗ್ರೋಟ್ರಿಯನ್ 1939ರಲ್ಲಿ ಸುಳಿವು ಕೊಟ್ಟ, ಸ್ವೀಡನ್ನಿನ ಎಡ್ಲೆನ್ 1940ರ ದಶಕದ ಆರಂಭದಲ್ಲಿ ಗಂಟು ಬಿಚ್ಚಿದ. ಅದು ಹೊಸ ಧಾತುವಲ್ಲ, ನಮ್ಮ ನೇಗಿಲಿನ ಕಬ್ಬಿಣವೇ. ಆದರೆ ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ. ಅಷ್ಟನ್ನು ಕೀಳಬೇಕಾದರೆ ಶಾಖ ಹತ್ತು ಲಕ್ಷ ಡಿಗ್ರಿಯ ಮೇಲಿರಬೇಕು. ಸೂರ್ಯನ ಮೇಲ್ಮೈಯಾದರೋ ಬರೀ 5,500 ಡಿಗ್ರಿ. ಒಲೆಗಿಂತ ಒಲೆಯ ಮೇಲಿನ ಹೊಗೆ ಇನ್ನೂರು ಪಟ್ಟು ಬಿಸಿ ಎಂದ ಹಾಗಾಯಿತು. ಇದು ಏಕೆ ಎಂಬುದಕ್ಕೆ ಸರ್ವಸಮ್ಮತ ಉತ್ತರ ಇಂದಿಗೂ ಸಿಕ್ಕಿಲ್ಲ.

ಎಡ್ಲೆನನ ಲೆಕ್ಕದೊಳಗೆ ಒಂದು ಮಾತು ಸದ್ದಿಲ್ಲದೆ ಕುಳಿತಿತ್ತು. 'ಹತ್ತು ಲಕ್ಷ ಡಿಗ್ರಿ' ಎಂದರೆ ಎಲೆಕ್ಟ್ರಾನುಗಳ ಓಡಾಟದ ಶಕ್ತಿಯ ಸರಾಸರಿ. ಆ ಶಕ್ತಿ ಅವುಗಳೊಳಗೆ ಹಂಚಿಹೋಗುವ ಕ್ರಮವನ್ನು ಮ್ಯಾಕ್ಸ್‌ವೆಲ್ 1860ರಲ್ಲಿ ಹೇಳಿದ್ದ. ಕಣಗಳು ಒಂದಕ್ಕೊಂದು ಸಾಕಷ್ಟು ಢಿಕ್ಕಿ ಹೊಡೆದುಕೊಳ್ಳುತ್ತಿದ್ದರೆ ಹಂಚಿಕೆ ಒಂದೇ ಆಕಾರಕ್ಕೆ ಬಂದು ನಿಲ್ಲುತ್ತದೆ. ಆದರೆ ಕಿರೀಟ ಬಹಳ ತೆಳು, ಅಲ್ಲಿ ಢಿಕ್ಕಿಗಳು ಅಪರೂಪ. ವೇಗದ ಎಲೆಕ್ಟ್ರಾನಿಗಂತೂ ಇನ್ನೂ ಅಪರೂಪ. ಹತ್ತು ಪಟ್ಟು ಶಕ್ತಿಯುಳ್ಳ ಎಲೆಕ್ಟ್ರಾನು ಉಳಿದವುಗಳ ಜತೆ ಬೆರೆತು ತಣ್ಣಗಾಗಲು ಸುಮಾರು ಮೂವತ್ತು ಪಟ್ಟು ಹೆಚ್ಚು ಸಮಯ ಬೇಕು. ಅಷ್ಟರಲ್ಲಿ ಅದು ಎಲ್ಲಿಗೋ ಹೋಗಿಬಿಟ್ಟಿರುತ್ತದೆ.

ಇದನ್ನು ನಮ್ಮ ಶಿಡ್ಲಘಟ್ಟದ ಲೆಕ್ಕದಲ್ಲಿ ಹೇಳೋಣ. ಒಂದು ಮೊಹಲ್ಲಾದಲ್ಲಿ ರೇಷ್ಮೆ ನೂಲು ತೆಗೆಯುವ ನೂರು ಮನೆಗಳಿವೆ, ದಿನದ ಸರಾಸರಿ ಸಂಪಾದನೆ 500 ರೂಪಾಯಿ ಅನ್ನಿ. ಎಲ್ಲರೂ ಹೆಚ್ಚುಕಡಿಮೆ ಅದರ ಆಸುಪಾಸಿನಲ್ಲಿರಬಹುದು. ಇಲ್ಲವೇ ಮುನ್ನೂರಕ್ಕೆ ದುಡಿಯುವವರು ಬಹಳ, ನಡುವಿನವರು ಕಡಿಮೆ, ಸಾವಿರಗಟ್ಟಲೆ ಎಣಿಸುವವರು ನಾಲ್ಕೈದು ಜನ ಇರಬಹುದು. ಸರಾಸರಿ ಎರಡರಲ್ಲೂ ಒಂದೇ. ಎರಡನೆಯ ಬಗೆಯ ಹಂಚಿಕೆಗೆ ವಿಜ್ಞಾನಿಗಳು 'ಕಪ್ಪಾ' ಎಂಬ ಗ್ರೀಕ್ ಅಕ್ಷರದ ಹೆಸರಿಟ್ಟಿದ್ದಾರೆ. ಭೂಮಿಯ ಸುತ್ತಲಿನ ಅಂತರಿಕ್ಷದ ಎಲೆಕ್ಟ್ರಾನುಗಳನ್ನು ಉಪಗ್ರಹಗಳು ಎಣಿಸಿದಾಗ ಅವು ಮ್ಯಾಕ್ಸ್‌ವೆಲ್‌ನ ಮಾತು ಕೇಳಲಿಲ್ಲ, ಅದನ್ನು ವಿವರಿಸಲೆಂದು 1968ರಲ್ಲಿ ಈ ಸೂತ್ರ ಬಂತು. ಕಪ್ಪಾದ ಬೆಲೆ ದೊಡ್ಡದಾದಷ್ಟೂ ಹಂಚಿಕೆ ಮ್ಯಾಕ್ಸ್‌ವೆಲ್‌ಗೆ ಹತ್ತಿರ. ಅದು ಒಂದೂವರೆಯ ಕಡೆಗೆ ಇಳಿದಷ್ಟೂ ಸಾಹುಕಾರರ ಬಾಲ ಉದ್ದ.

ಅಂತರಿಕ್ಷದಲ್ಲಾದರೆ ಎಲೆಕ್ಟ್ರಾನುಗಳನ್ನು ಬಲೆ ಹಾಕಿ ಹಿಡಿದು ಎಣಿಸಬಹುದು. ಕಿರೀಟದ ಬುಡದಲ್ಲಿ ಅದಾಗದು, ದೂರದಿಂದಲೇ ಊಹಿಸಬೇಕು. ಅಲ್ಲಿಗೆ ಗೌರಿಬಿದನೂರಿನ ಕಂಬಗಳು ಬರುತ್ತವೆ.

ಆ ಕಂಬಗಳ ಹಿಂದೆ ವೇಣು ಬಪ್ಪು ಅವರ ನೆರಳಿದೆ. ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದರು. ಮಗ ಅಲ್ಲೇ ನಕ್ಷತ್ರ ನೋಡುತ್ತ ಬೆಳೆದು, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡಿಗೆ ಹೋದರು. 1960ರಲ್ಲಿ ಕೊಡೈಕನಾಲಿನ ಹೊಣೆ ಹೊತ್ತು, 1971ರಲ್ಲಿ ಅದನ್ನು ಖಭೌತ ಸಂಸ್ಥೆಯಾಗಿ ಬೆಳೆಸಿದರು. 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣ ಕಾರವಾರದ ಕಡೆಯಿಂದ ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾಯುವಾಗ ಅವರ ತಂಡ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿತ್ತು. ಒಂಬತ್ತು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ ಕೆಂಪು ಗೆರೆಯ ಅಗಲವನ್ನು ಜಗದೇವ್ ಸಿಂಗ್ ಮತ್ತು ಬಪ್ಪು ಅಳೆದರು. ಆ ದಿನ ನಾವಿನ್ನೂ ಹುಟ್ಟಿರಲಿಲ್ಲ, ಹೊಟ್ಟೆಯಲ್ಲಿದ್ದೆವು. ಗ್ರಹಣ ಬಿಡುವವರೆಗೆ ದಾದಿ ನಮ್ಮ ಅಮ್ಮಿಯ ಕೈಗೆ ಕತ್ತರಿ, ಚಾಕು ಕೊಡಲಿಲ್ಲವಂತೆ. ಪಕ್ಕದ ಮನೆಯ ಲಕ್ಷ್ಮಮ್ಮನವರ ಸೊಸೆಗೂ ಅದೇ ಕಟ್ಟಳೆ. ಗ್ರಹಣದ ಭಯದಲ್ಲಿ ನಮ್ಮ ಕೇರಿಗಳ ನಡುವೆ ಗೋಡೆಯಿರಲಿಲ್ಲ.

ಗೆರೆಯ ಅಗಲ ಕಬ್ಬಿಣದ ಅಯಾನುಗಳ ಓಡಾಟವನ್ನು ಹೇಳುತ್ತದೆಯೇ ಹೊರತು ಎಲೆಕ್ಟ್ರಾನುಗಳದ್ದನ್ನಲ್ಲ. ಎಲೆಕ್ಟ್ರಾನುಗಳ ಸುದ್ದಿ ಬೇಕಿದ್ದರೆ ರೇಡಿಯೋಗೆ ಕಿವಿಗೊಡಬೇಕು. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿಯಲ್ಲಿ, ಬ್ರಿಟಿಷ್ ರೇಡಾರುಗಳು ಏಕಾಏಕಿ ಗದ್ದಲದಿಂದ ಕಿವುಡಾದಾಗ ಜರ್ಮನರ ಕುತಂತ್ರವೆಂದೇ ಶಂಕಿಸಿದ್ದರು. ಗದ್ದಲ ಮಾಡಿದ್ದು ಸೂರ್ಯ ಎಂದು ಹೇ ಎಂಬಾತ ಪತ್ತೆಮಾಡಿದ. 1950ರಲ್ಲಿ ಆಸ್ಟ್ರೇಲಿಯಾದ ವೈಲ್ಡ್ ಆ ಗದ್ದಲಗಳನ್ನು ಜಾತಿ ಹಿಡಿದು ವಿಂಗಡಿಸಿದ. ನಮ್ಮ ಕತೆಗೆ ಬೇಕಾದದ್ದು ಅವುಗಳಲ್ಲಿ ಮೂರನೆಯ ಜಾತಿಯದು.

ಗೌರಿಬಿದನೂರಿನಲ್ಲಿ ಮೊದಲು ಎದ್ದದ್ದು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಸಾಲು. ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು 450 ಮೀಟರ್, ಒಟ್ಟು ಸಾವಿರ ಆಂಟೆನಾಗಳು. ಆಲಿಸುವುದು 34.5 ಮೆಗಾಹರ್ಟ್ಸ್, ಅಂದರೆ ಎಂಟೂಮುಕ್ಕಾಲು ಮೀಟರ್ ಉದ್ದದ ಅಲೆ. ಇದರಿಂದಲೇ ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಆಕಾಶದ ನಕಾಶೆಯನ್ನೂ ಬರೆದರು. ಸೂರ್ಯನಿಗೆಂದೇ ಇನ್ನೊಂದು ಸಾಲು, ರೇಡಿಯೋಹೀಲಿಯೋಗ್ರಾಫ್, 1997ರಲ್ಲಿ ಕೆಲಸಕ್ಕೆ ನಿಂತಿತು. ರಮೇಶ್, ಸುಬ್ರಮಣಿಯನ್, ಶಾಸ್ತ್ರಿ, ಸುಂದರರಾಜನ್ ಇವರು ಅದನ್ನು ಕಟ್ಟಿದವರು. ಶುರುವಿಗೆ 192 ಆಂಟೆನಾ, ಮುಂದೆ 384. ಮೀನಿನ ಮುಳ್ಳಿನ ಹಾಗೆ ಗಿಡ್ಡದಿಂದ ಉದ್ದಕ್ಕೆ ಜೋಡಿಸಿದ ಕಡ್ಡಿಗಳ ಈ ಆಂಟೆನಾ ನಮ್ಮ ಹಳೇ ಟಿ.ವಿ. ಆಂಟೆನಾದ ದೊಡ್ಡಣ್ಣ ಅನ್ನಬಹುದು. ಸೂರ್ಯನನ್ನು ಅರಿಯಲು ಕೋಟಿಗಟ್ಟಲೆ ಬೆಲೆಯ ಗಾಜು ಬೇಕೆಂದು ತಿಳಿದವರು ಇದನ್ನೊಮ್ಮೆ ನೋಡಬೇಕು.

ಕೇಳುವ ಬಗೆ ಹೀಗೆ. ಸೂರ್ಯನಲ್ಲಿ ಎಲ್ಲೋ ಕಾಂತಕ್ಷೇತ್ರ ಸಿಡಿದು ಒಂದು ಗುಂಪು ಎಲೆಕ್ಟ್ರಾನುಗಳು ಬೆಳಕಿನ ಮೂರನೇ ಒಂದು ಭಾಗದಷ್ಟು ವೇಗದಲ್ಲಿ, ಸೆಕೆಂಡಿಗೆ ಲಕ್ಷ ಕಿಲೋಮೀಟರಿನಂತೆ, ಕಿರೀಟದೊಳಗಿಂದ ಹೊರಕ್ಕೆ ನುಗ್ಗುತ್ತವೆ. ಹೋಗುವ ದಾರಿಯ ಉದ್ದಕ್ಕೂ ಅಲ್ಲಲ್ಲಿನ ಅನಿಲವನ್ನು ತಂತಿ ಮೀಟಿದಂತೆ ಮೀಟುತ್ತವೆ. ಅನಿಲ ದಟ್ಟವಾಗಿದ್ದರೆ ಶ್ರುತಿ ಮೇಲೆ, ತೆಳುವಾಗಿದ್ದರೆ ಕೆಳಗೆ. ಒಂದು ಘನ ಸೆಂಟಿಮೀಟರಿನಲ್ಲಿ ಒಂದೂವರೆ ಕೋಟಿ ಎಲೆಕ್ಟ್ರಾನುಗಳಿರುವ ಜಾಗದ ಶ್ರುತಿಯೇ 34.5 ಮೆಗಾಹರ್ಟ್ಸ್. ಗುಂಪು ಮೇಲೇರಿದಂತೆ ಶ್ರುತಿ ಕೆಲವೇ ಸೆಕೆಂಡುಗಳಲ್ಲಿ ಸರ್ರನೆ ಇಳಿಯುತ್ತದೆ. ಆ ಇಳಿಜಾರಿನಿಂದ ಎಲೆಕ್ಟ್ರಾನುಗಳ ವೇಗ ಸಿಗುತ್ತದೆ. ಬರೀ ಶಾಖದಿಂದ ಅಷ್ಟು ಓಟ ಬರುವುದಿಲ್ಲ, ಇವು ಸರಾಸರಿಯ ಮಕ್ಕಳಲ್ಲ. ಖಾಲೂ ಹೇಳಿದ ಸೂರ್ಯನ ಮಾತು ಇದೇ.

ಈ ಕೇಳುವಿಕೆಗೆ ಎರಡು ತೊಡಕು. ಒಂದು ನಮ್ಮದೇ ಗದ್ದಲ. ಎಫ್.ಎಂ. ರೇಡಿಯೋದ 88ರಿಂದ 108 ಮೆಗಾಹರ್ಟ್ಸ್ ಸೂರ್ಯನನ್ನು ಆಲಿಸುವ ಪಟ್ಟಿಯ ನಡುವೆಯೇ ಕುಳಿತಿದೆ. ಇನ್ನೊಂದು ಹೆಚ್ಚು ಆಳದ್ದು. ರೇಡಿಯೋಗೆ ಕೇಳಿಸುವುದು ಹಾರನ್ ಹೊಡೆದುಕೊಂಡು ಕಾರಿನಲ್ಲಿ ಹೋಗುವ ಸಾಹುಕಾರ ಮಾತ್ರ. ಮನೆಯಲ್ಲಿ ಸುಮ್ಮನೆ ಕುಳಿತ ಸಾಹುಕಾರನ ಸುದ್ದಿ ಅದಕ್ಕೆ ಅಷ್ಟಾಗಿ ತಿಳಿಯದು. ಕಿರೀಟದಲ್ಲಿ ಸಿಡಿತವಿಲ್ಲದ ಹೊತ್ತಿನಲ್ಲೂ ಸದ್ದಿಲ್ಲದೆ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳು ಇದ್ದರೆ? ಅದಕ್ಕೆ ಬೇಕಾದದ್ದು ಅತಿನೇರಳೆ ಬೆಳಕಿನ ರೋಹಿತ.

ಮೊಹಲ್ಲಾದ ಮನೆಗಳೊಳಗೆ ನಮಗೆ ಪ್ರವೇಶವಿಲ್ಲ ಅನ್ನಿ, ಬಜಾರಿನಲ್ಲಿ ನಿಂತು ವ್ಯಾಪಾರ ಎಣಿಸಬಹುದು ಅಷ್ಟೆ. ಚಹಾ ಅಂಗಡಿಗೆ ಯಾರು ಬೇಕಾದರೂ ಹೋಗುತ್ತಾರೆ. ಚಿನ್ನದ ಅಂಗಡಿಯ ಮೆಟ್ಟಿಲು ಹತ್ತಲು ಜೇಬಿನಲ್ಲಿ ದುಡ್ಡಿರಬೇಕು. ಎರಡರ ವ್ಯಾಪಾರವನ್ನು ಹೋಲಿಸಿದರೆ ಹಂಚಿಕೆಯ ಸುಳಿವು ಸಿಗುತ್ತದೆ. ಕಬ್ಬಿಣದ ಅಯಾನಿನೊಳಗೂ ಇಂಥ ಅಂಗಡಿಗಳಿವೆ. ಎಲೆಕ್ಟ್ರಾನು ಬಂದು ಬಡಿದಾಗ ಅಯಾನು ಒಂದು ಮೆಟ್ಟಿಲು ಮೇಲಕ್ಕೆ ಹಾರುತ್ತದೆ, ಇಳಿಯುವಾಗ ಒಂದು ನಿಶ್ಚಿತ ಗೆರೆಯ ಬೆಳಕು ಬಿಡುತ್ತದೆ. ಹನ್ನೊಂದು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ 1349 ಆಂಗ್‌ಸ್ಟ್ರಾಂ ಗೆರೆಗೆ ಸುಮಾರು 9 ಎಲೆಕ್ಟ್ರಾನ್‌ವೋಲ್ಟ್ ಸಾಕು. ಅದೇ ಅಯಾನಿನ 195 ಆಂಗ್‌ಸ್ಟ್ರಾಂ ಗೆರೆಗೆ ಸುಮಾರು 64 ಬೇಕು. ಎರಡೂ ಅತಿನೇರಳೆಯವೇ. ಜಮಖಂಡಿ, ಜವಳಗೇರಾಗಳಲ್ಲಿ ಕಂಡಂಥ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಇಷ್ಟು ಅಂತರದ ಮೆಟ್ಟಿಲುಗಳು ಸಿಗುವುದಿಲ್ಲ. ಬೇಕಲದ ಹಸಿರು ಬಳೆಗೆ ಎರಡೂ ಚಿಲ್ಲರೆ ವೋಲ್ಟ್ ಸಾಕು, ಅದು ಚಹಾ ಅಂಗಡಿಯೇ.

ಆದರೆ ಈ ಕಿರಣಗಳನ್ನು ನಮ್ಮ ವಾಯುಮಂಡಲ ನುಂಗಿಬಿಡುತ್ತದೆ. ರಾಕೆಟ್ಟುಗಳು ಬಂದ ಮೇಲಷ್ಟೇ ಈ ಬಜಾರಿನ ಬಾಗಿಲು ತೆರೆದದ್ದು. 1973ರ ಸ್ಕೈಲ್ಯಾಬ್, 1995ರ ಸೋಹೋ, 2006ರ ಜಪಾನಿನ ಹಿನೋಡೆ, 2013ರ ಐರಿಸ್, ಹೀಗೆ ಕಣ್ಣುಗಳು ಒಂದೊಂದಾಗಿ ಮೇಲೇರಿದವು. 2015ರಲ್ಲಿ ದುಡೀಕ್, ಜಿಫ್ಚಾಕೋವಾ ಮೊದಲಾದವರು ಹಿನೋಡೆಯ ಗೆರೆಗಳನ್ನು ಹೋಲಿಸಿ, ಕಿರೀಟದಲ್ಲಿ ಕೆಲಹೊತ್ತು ಮೂಡಿ ಮರೆಯಾದ ಒಂದು ಕಮಾನಿನಲ್ಲಿ ಕಪ್ಪಾ ಎರಡರ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿದಿತ್ತು ಎಂದರು. ಎಂದರೆ ಬಹಳ ಉದ್ದದ ಬಾಲ. 2020ರಲ್ಲಿ ಬಂದ ಇನ್ನೊಂದು ಅಧ್ಯಯನ, ಪ್ರಶಾಂತ ಸೂರ್ಯನಲ್ಲಿ ಮ್ಯಾಕ್ಸ್‌ವೆಲ್‌ನ ಮಾತೇ ನಡೆಯುತ್ತದೆ, ಸಕ್ರಿಯ ಪ್ರದೇಶಗಳಲ್ಲಿ ಮುರಿಯುತ್ತದೆ ಎಂದಿತು. 2022ರಲ್ಲಿ ಡೆಲ್ ಜನ್ನಾ ಮತ್ತು ಸಂಗಡಿಗರು ಹಿನೋಡೆ, ಐರಿಸ್ ಎರಡನ್ನೂ ಜೋಡಿಸಿ ಮೇಲೆ ಹೇಳಿದ 1349ರ ಗೆರೆಯನ್ನು 195ರ ಆಸುಪಾಸಿನ ಗೆರೆಗಳ ಜತೆ ತೂಗಿದರು.

ತೂಗುವುದು ಸುಲಭವಲ್ಲ. ಚಿನ್ನದ ಅಂಗಡಿಯಲ್ಲಿ ವ್ಯಾಪಾರ ಏರಿದೆ ಎಂದ ಮಾತ್ರಕ್ಕೆ ಸಾಹುಕಾರರಿದ್ದಾರೆ ಎಂದಾಗದು, ಊರಿನ ಸರಾಸರಿಯೇ ಏರಿರಬಹುದು. ಅಥವಾ ಸಂತೆಯ ದಟ್ಟಣೆ ಹೆಚ್ಚಿರಬಹುದು. ಹಾಗಾಗಿ ಶಾಖ, ದಟ್ಟಣೆ, ಕಪ್ಪಾ ಮೂರನ್ನೂ ಒಟ್ಟಿಗೆ ಬಿಡಿಸಬೇಕು. ಎರಡು ಉಪಗ್ರಹಗಳೆಂದರೆ ಎರಡು ತಕ್ಕಡಿ. ಬಾಹ್ಯಾಕಾಶದಲ್ಲಿ ವರ್ಷಗಟ್ಟಲೆ ಇದ್ದು ತಕ್ಕಡಿಯ ಕಣ್ಣು ಮಂಜಾಗುತ್ತದೆ, ಎಷ್ಟು ಮಂಜಾಗಿದೆ ಎಂಬ ಲೆಕ್ಕ ತಪ್ಪಿದರೆ ಫಲಿತಾಂಶವೂ ತಪ್ಪು. ಆದ್ದರಿಂದ ಈ ಫಲಿತಾಂಶಗಳನ್ನು ಕಲ್ಲಿನ ಮೇಲೆ ಕೆತ್ತುವ ಅವಸರ ಬೇಡ ಎಂದೇ ನಮ್ಮ ಅನಿಸಿಕೆ.

ನಾಲ್ಕೈದು ಸಾಹುಕಾರರಿಗಾಗಿ ಇಷ್ಟೆಲ್ಲ ಏಕೆ ಎಂದು ಓದುಗರು ಕೇಳಬಹುದು. ಎಡ್ಲೆನನ ಆ ಹತ್ತು ಲಕ್ಷ ಡಿಗ್ರಿಯೇ ಇಲ್ಲಿ ಪಣಕ್ಕಿದೆ. ಕಬ್ಬಿಣದ ಎಲೆಕ್ಟ್ರಾನುಗಳನ್ನು ಕೀಳುವ ಕೆಲಸದಲ್ಲಿ ಬಾಲದವುಗಳ ಪಾಲು ದೊಡ್ಡದಾಗಿದ್ದರೆ, ಗೆರೆಗಳಿಂದ ನಾವು ಓದುವ ತಾಪಮಾನದ ಅಂಕಿಯೇ ಬದಲಾಗುತ್ತದೆ. 1992ರಲ್ಲಿ ಅಮೆರಿಕದ ಸ್ಕಡ್ಡರ್ ಇನ್ನೂ ಮುಂದೆ ಹೋದರು. ಕಿರೀಟವನ್ನು ಯಾರೂ ಕಾಯಿಸಬೇಕಿಲ್ಲ, ಬುಡದಲ್ಲೇ ಈ ಬಾಲ ಇದ್ದರೆ ಸಾಕು ಎಂದರು. ಸೂರ್ಯನ ಸೆಳೆತವನ್ನು ಮೀರಿ ಮೇಲೇರಬಲ್ಲವು ವೇಗದವು ಮಾತ್ರ, ನಿಧಾನದವು ಕೆಳಗೇ ಉಳಿಯುತ್ತವೆ. ಜರಡಿ ಹಿಡಿದಂತೆ ಮೇಲೆ ಹೋದವುಗಳ ಸರಾಸರಿ ತಾನಾಗಿಯೇ ಏರುತ್ತದೆ. ಬುಡದಲ್ಲಿ ಅನಿಲ ದಟ್ಟ, ಅಲ್ಲಿ ಢಿಕ್ಕಿಗಳೇ ಬಾಲವನ್ನು ಕತ್ತರಿಸಿಬಿಡುತ್ತವೆ ಎಂಬುದು ವಿರೋಧಿಗಳ ವಾದ. ನಮಗೆ ವಿರೋಧಿಗಳ ವಾದವೇ ಗಟ್ಟಿ ಅನ್ನಿಸುತ್ತದೆ, ಆದರೂ ತೀರ್ಪು ಅಳತೆಯಿಂದ ಬರಬೇಕೇ ಹೊರತು ಅನ್ನಿಸಿಕೆಯಿಂದಲ್ಲ.

ನಮ್ಮ ಸೀಮೆ ಈ ಅಳತೆಯಿಂದ ದೂರವೇನಿಲ್ಲ. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಹೊಸಕೋಟೆಯಲ್ಲಿ ಖಭೌತ ಸಂಸ್ಥೆಯ ಆವರಣವಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ, ಗ್ರಹಣವಿಲ್ಲದೆಯೇ ಕಿರೀಟವನ್ನು ನೋಡುವ ದೂರದರ್ಶಕ, ತಯಾರಾದದ್ದು ಅಲ್ಲಿ. ಅದರ ಮುಖ್ಯ ವಿಜ್ಞಾನಿ ಆರ್. ರಮೇಶ್, ಗೌರಿಬಿದನೂರಿನ ಹೀಲಿಯೋಗ್ರಾಫ್ ಕಟ್ಟಿದ ಅದೇ ರಮೇಶ್. 2024ರ ಜುಲೈ 16ರಂದು ಕಿರೀಟದಿಂದ ಒಂದು ದೊಡ್ಡ ಮುದ್ದೆ ಸಿಡಿದು ಹೊರಟ ಗಳಿಗೆಯನ್ನು ಅದು ಹಿಡಿಯಿತು. ಅದು ಅಳೆಯುವ ಗೆರೆಗಳಲ್ಲಿ ಒಂದು, 5303 ಆಂಗ್‌ಸ್ಟ್ರಾಂ, ಬೇಕಲದಲ್ಲಿ ಲಾಕಿಯರ್ ಕಂಡ ಅದೇ ಹಸಿರು. ಸಿಡಿತದ ಎಲೆಕ್ಟ್ರಾನುಗಳನ್ನು ಹಿಡಿಯುವ ಎಕ್ಸ್‌ರೇ ಮಾಪಕವೊಂದೂ ಅದೇ ನೌಕೆಯಲ್ಲಿದೆ, ಬೆಂಗಳೂರಿನಲ್ಲೇ ಆದದ್ದು. ಕಿರೀಟದ ಅತಿನೇರಳೆ ಗೆರೆಗಳನ್ನು ಬಿಡಿಸುವ ರೋಹಿತದರ್ಶಕ ಮಾತ್ರ ಅದರಲ್ಲಿಲ್ಲ. ಪುಣೆಯವರ ಅತಿನೇರಳೆ ದೂರದರ್ಶಕ ಇದೆ, ಆದರೆ ಅದು ನೋಡುವುದು ಕಿರೀಟದ ಕೆಳಗಿನ ಪದರಗಳನ್ನು. ಚಿನ್ನದ ಅಂಗಡಿಯ ಲೆಕ್ಕಕ್ಕೆ ಇನ್ನೂ ಹೊರಗಿನವರ ತಕ್ಕಡಿಯನ್ನೇ ನೆಚ್ಚಬೇಕು. ಮುಂದಿನ ನೌಕೆಯ ಯೋಜನೆ ಬರೆಯುವವರು ಇದನ್ನು ಗಮನಿಸಲಿ.

ಖಾಲೂ ತೀರಿಹೋದ ಮೇಲೂ ಒಮ್ಮೆ ಆ ಬಯಲಿಗೆ ಹೋಗಿ ಬೇಲಿಯಾಚೆ ನಿಂತು ಬಂದೆವು. ಅಲ್ಲಿನ ಸಾಲುಗಳು ಸೂರ್ಯನನ್ನು ಚೆನ್ನಾಗಿ ಹಿಡಿಯುವುದು ಅವನು ನೆತ್ತಿಯ ರೇಖೆಯನ್ನು ದಾಟುವ ಆಸುಪಾಸಿನಲ್ಲಿ. ಗೌರಿಬಿದನೂರಿನ ರೇಖಾಂಶಕ್ಕೆ ಅದು ನಮ್ಮ ಗಡಿಯಾರದ ಪ್ರಕಾರ ಫೆಬ್ರವರಿಯಲ್ಲಿ 12 ಗಂಟೆ 34 ನಿಮಿಷ, ನವೆಂಬರಿನಲ್ಲಿ 12 ಗಂಟೆ 4 ನಿಮಿಷದ ಹೊತ್ತಿಗೆ. ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ 'ಜವಾಲ್' ಎಂದು ಬರೆದಿರುವುದು ಇದೇ ಗಳಿಗೆ. ಖಾಲೂ ಆ ಪಟ್ಟಿ ನೋಡಿಯೇ ಸೈಕಲ್ಲು ಹತ್ತುತ್ತಿದ್ದರು, ಜುಹರ್ ನಮಾಜಿಗೆ ಮುಂಚೆ ನಮ್ಮನ್ನು ಕಂಬಗಳ ಹತ್ತಿರ ನಿಲ್ಲಿಸಿ, ಕೇಳು ಎನ್ನುತ್ತಿದ್ದರು. ನಾವು ತಂತಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆವು. ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.